ಎಲ್ಲರಿಗೂ ಎ ಪ್ಲಸ್ ಬಂದ ಬೀದಿ

ಮಾರ್ಚ್ ಮುಗಿಯುವ ಹೊತ್ತಿಗೆ ಅಟ್ಟೂರಿನ ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇರುವವರು ಬಾಗಿಲು ತೆಗೆಯಬಾರದು. ಚಿಕ್ಕ ಮಕ್ಕಳ ರಿಸಲ್ಟ್ ಬರುವ ಕಾಲ ಅದು. ಎದುರು ಮನೆಯ ಯುಕೆಜಿ ಮಗುವಿಗೆ ಎಲ್ಲದರಲ್ಲೂ ಎ ಪ್ಲಸ್, ಅದಕ್ಕೆ ಮೈಸೂರು ಪಾಕು. ಪಕ್ಕದ ಮನೆಯ ಒಂದನೇ ಕ್ಲಾಸಿನವನಿಗೂ ಎ ಪ್ಲಸ್, ಅದಕ್ಕೆ ಪೇಡ. ಮೂಲೆ ಮನೆಯ ಅವಳಿಗಳಿಬ್ಬರಿಗೂ ಎ ಪ್ಲಸ್, ಅದಕ್ಕೆ ಲಾಡು. ಒಂದು ವರ್ಷ ಯಾರ ಮಗುವನ್ನೋ ಮೆಚ್ಚಿ ನಾವು ಕೊಟ್ಟಿದ್ದ ಸೋನ್ ಪಾಪಡಿ ಡಬ್ಬಿ ಬೀದಿಯೆಲ್ಲ ಸುತ್ತಿಕೊಂಡು, ನನ್ನ ಯಜಮಾನರು ಮುಚ್ಚಳಕ್ಕೆ ಅಂಟಿಸಿದ್ದ ಟೇಪಿನ ಸಮೇತ ನಮ್ಮ ಮನೆಗೇ ವಾಪಸು ಬಂತು. ಅವರು ಟೇಪು ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದಕ್ಕೂ ಎ ಪ್ಲಸ್ಸೇ" ಅಂದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಪೇಪರ್ ತಿದ್ದುವಾಗ ನನ್ನದು ಬಿಗಿ ಕೈ. ಒತ್ತು ಬಿಟ್ಟರೆ ಅರ್ಧ ಮಾರ್ಕು ಹೋಯಿತು, ದೀರ್ಘ ಬಿಟ್ಟರೆ ಇನ್ನರ್ಧ. ಮಕ್ಕಳು ನನ್ನ ಬೆನ್ನ ಹಿಂದೆ "ಅರ್ಧ ಮಾರ್ಕಿನ ಮೇಡಂ" ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಸಿಟ್ಟು ಬರಲಿಲ್ಲ, ಬಿರುದು ಅಂತಲೇ ಇಟ್ಟುಕೊಂಡೆ. ಅಂಥವಳಿಗೆ ಈ ಬೀದಿಯ ಎ ಪ್ಲಸ್‌ಗಳು ಹೇಗೆ ಕಾಣಬೇಕು? ಎಲ್ಲರ ಮನೆಯ ದೋಸೆಯೂ ತೂತು ಅನ್ನುವುದನ್ನು ಕೇಳಿದ್ದೆ. ಒಂದೂ ತೂತಿಲ್ಲದ ದೋಸೆಗಳನ್ನು ನಾನು ಕಂಡದ್ದು ಇಲ್ಲಿಯೇ.

ನಾವು ಬಾಡಿಗೆಗಿರುವುದು ಎರಡನೇ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರ ಕುಟುಂಬ. ಅವರು ಈ ಊರಿನ ಹಳಬರು. ನಮ್ಮ ಅಡುಗೆಮನೆ ಇರುವ ಜಾಗದಲ್ಲಿ ಅವರ ತಂದೆ ರಾಗಿ ಬಿತ್ತುತ್ತಿದ್ದರಂತೆ. ಈಗ ಅಲ್ಲೆಲ್ಲ ಬಾಡಿಗೆ ಮನೆಗಳು. ರಾಜಾನುಕುಂಟೆಯ ಆಚೆ ಮಾತ್ರ ಸ್ವಲ್ಪ ಹೊಲ ಉಳಿಸಿಕೊಂಡು, ಅವರೆಕಾಯಿ ಕಾಲದಲ್ಲಿ ನಮಗೂ ಒಂದು ಚೀಲ ಕಳಿಸುತ್ತಾರೆ. ಮಾಲೀಕರಿಗೆ ಎಪ್ಪತ್ತು ದಾಟಿದೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈ ಯಾವಾಗಲೂ ಬೆನ್ನ ಹಿಂದೆ. ನಮ್ಮ ಹತ್ತಿರ ಮಾತಿದ್ದರೆ ಮೆಟ್ಟಿಲು ಹತ್ತುವ ಮನುಷ್ಯರಲ್ಲ. ಅಂಗಳದಲ್ಲಿ ನಿಂತು "ಟೀಚರಮ್ಮೋ" ಅಂತ ಒಂದು ಸಲ ಕೂಗಿದರೆ ನಾನೇ ಇಳಿದು ಹೋಗಬೇಕು. ಅವರ ದನಿ ಹಾಗಿದೆ, ಕೇಳಿದವರು ಇಳಿಯುತ್ತಾರೆ.

ಆ ದನಿಯನ್ನು ನಾನು ನಿಜವಾಗಿ ಕೇಳಿದ್ದು ಶ್ರಾವಣ ಶನಿವಾರಗಳಲ್ಲಿ. ಆ ತಿಂಗಳ ಶನಿವಾರ ಸಂಜೆ ಅವರ ಮನೆಯ ನಡುಮನೆಯಲ್ಲಿ ಪುರಾಣ ಓದುತ್ತಾರೆ. ದೇವರ ಮುಂದೆ ವ್ಯಾಸಪೀಠ, ಅದರ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಪುಸ್ತಕ, ಮುಂದೆ ಮಾಲೀಕರು. ಬೆರಳನ್ನು ಸಾಲಿನ ಮೇಲೆ ಆಡಿಸುತ್ತ ಅವರು ಪದ್ಯ ಎತ್ತಿದರೆ, ಮೇಲೆ ಯಲಹಂಕ ವಾಯುನೆಲೆಯ ವಿಮಾನ ಹಾರಿದರೂ ಯಾರಿಗೂ ಅದು ಕೇಳಿಸುವುದಿಲ್ಲ. ನಾನು ಬೇರೆಯವರ ಓದಿನಲ್ಲಿ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡವಳು. ಅವರ ಪದ್ಯದಲ್ಲಿ ಒಂದು ಅಕ್ಷರ ಹಿಗ್ಗಿದ್ದು, ಒಂದು ಉಸಿರು ತಪ್ಪಾದ ಕಡೆ ನಿಂತದ್ದು ನನಗೆ ಸಿಕ್ಕಿಲ್ಲ.

ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಮನೆಯ ಮಗುವಿಗೆ ಅಕ್ಷರ ಬಂದ ವರ್ಷ, ಶ್ರಾವಣದ ಕೊನೆಯ ಶನಿವಾರ ಆ ಮಗುವೇ ಪುರಾಣಕ್ಕೆ ಕೂರಬೇಕು. ಮೊದಲು ಮಗು ಸ್ವಲ್ಪ ಓದುತ್ತದೆ, ಆಮೇಲೆ ಹಿರಿಯರು ಮುಂದುವರಿಸುತ್ತಾರೆ. ಓದಿದ ಮಗುವಿಗೆ ಎಲೆ ಅಡಿಕೆ, ತೆಂಗಿನಕಾಯಿ, ಹೊಸ ಬಟ್ಟೆ. ನೆಂಟರೆಲ್ಲ ಬಂದು ನೋಡುತ್ತಾರೆ.

ಹೋದ ವರ್ಷ ಮಾಲೀಕರ ಮೊಮ್ಮಗಳು ಒಂದನೇ ಕ್ಲಾಸು ಮುಗಿಸಿದಳು. ರಿಸಲ್ಟ್ ಬಂದ ದಿನ ಅಂಗಳದಿಂದ ಕೂಗು ಬಂತು, ಇಳಿದು ಹೋದೆ. ಕಾರ್ಡು ನನ್ನ ಕೈಗೆ ಕೊಟ್ಟು, "ಏನ್ ಬರ್ದವ್ರೆ ಸ್ವಲ್ಪ ಓದಿ ಟೀಚರಮ್ಮ. ನನ್ ಕನ್ನಡಕ ಒಳಗದೆ" ಅಂದರು. ಓದಿದೆ. ಕನ್ನಡ ಎ ಪ್ಲಸ್, ಇಂಗ್ಲಿಷ್ ಎ ಪ್ಲಸ್, ಗಣಿತ ಎ ಪ್ಲಸ್, ಶಿಸ್ತು ಎ ಪ್ಲಸ್, ಉಗುರಿನ ಸ್ವಚ್ಛತೆಗೂ ಎ ಪ್ಲಸ್. ಅವರ ಮುಖ ಅರಳಿತು. ಹಾಲಿನವನಿಗೆ, ಇಸ್ತ್ರಿಯವನಿಗೆ, ಬೀದಿಯಲ್ಲಿ ಹೋಗುತ್ತಿದ್ದವರಿಗೆಲ್ಲ ನಿಲ್ಲಿಸಿ ಹೇಳಿದರು: "ಈ ಸ್ರಾವಣಕ್ಕೆ ನನ್ ಮೊಮ್ಮಗಳೇ ಪುರಾಣ ಓದೋದು. ಕನ್ನಡದಾಗೆ ಎ ಪ್ಲಸ್ ಬಂದದೆ." ಹೆತ್ತವರಿಗೆ ಹೆಗ್ಗಣ ಮುದ್ದು, ತಾತನಿಗಂತೂ ಇನ್ನೂ ಮುದ್ದು ಅಂದುಕೊಂಡು ಮೇಲೆ ಹತ್ತಿದೆ.

ಆಷಾಢದ ಒಂದು ಸಂಜೆ ಆ ಹುಡುಗಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಏಳು ವರ್ಷ, ಮುಂದಿನ ಎರಡು ಹಲ್ಲು ಇಲ್ಲ, ಕಂಕುಳಲ್ಲಿ ಒಂದನೇ ಕ್ಲಾಸಿನ ಕನ್ನಡ ಪುಸ್ತಕ. ಒಳಗೆ ಬಂದು, ಚಪ್ಪಲಿ ಜೋಡಿಸಿಟ್ಟು, ಸೀದಾ ಕೇಳಿದಳು:

"ಅಜ್ಜಿ, ಎ ಪ್ಲಸ್ ಬಂದ್ರೆ ಓದಕ್ ಬರುತ್ತೆ ಅಂತಾನಾ?"

"ಹಾಗಂತಲೇ ಅರ್ಥ ಇರಬೇಕು ಕಣೇ. ಯಾಕೆ?"

ಅವಳು ಪುಸ್ತಕ ಬಿಡಿಸಿ, ಬೆರಳಿಟ್ಟು ಓದತೊಡಗಿದಳು. ಎಷ್ಟು ಚೆನ್ನಾಗಿ ಓದಿದಳೆಂದರೆ ನಾನು ಅರ್ಧ ಮಾರ್ಕೂ ಕಳೆಯುವ ಹಾಗಿರಲಿಲ್ಲ. ಆದರೆ ಅವಳ ಬೆರಳು ನೋಡಿದೆ. ಬೆರಳು ಮೂರನೇ ಸಾಲಿನಲ್ಲಿತ್ತು, ಬಾಯಿ ಐದನೇ ಸಾಲಿನಲ್ಲಿ. ನಾನು ತಟ್ಟನೆ ಪುಟ ತಿರುವಿದೆ. ಬಾಯಿ ಹಳೆಯ ಪುಟವನ್ನೇ ಹೇಳುತ್ತ ಹೋಯಿತು. ಸ್ವಲ್ಪ ದೂರ ಹೋಗಿ ತಾನೇ ನಿಂತಿತು.

"ನೋಡಿದ್ರಾ?" ಅಂದಳು. "ನಂಗೆ ಕೇಳಿದ್ದು ಬರುತ್ತೆ. ಓದಕ್ ಬರಲ್ಲ. ಮಿಸ್ ಒಂದ್ಸಲ ಓದಿದ್ರೆ ಎಲ್ಲಾ ಬಾಯಿಗೆ ಬಂದ್ಬಿಡುತ್ತೆ. ಆಮೇಲೆ ಅಕ್ಷರ ನೋಡೋದೇ ಬೇಡ ಅಲ್ವಾ. ಈಗ ತಾತ ಎಲ್ಲಾರ್ಗೂ ಹೇಳ್ಬಿಟ್ಟಿದಾರೆ."

ಆ ಕ್ಷಣ ನನಗೆ ಆ ಮಗುವಿನ ಮೇಲೆ ಎಷ್ಟು ಗೌರವ ಬಂತು ಅಂದರೆ, ಎದ್ದು ಹೋಗಿ ಒಂದು ಲೋಟ ಹಾಲು ಕಾಯಿಸುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಇಡೀ ಬೀದಿ ಸಿಹಿ ಹಂಚಿ ಒಪ್ಪಿಕೊಂಡ ಎ ಪ್ಲಸ್ಸನ್ನು ಇದು ತಪ್ಪು ಅಂತ ವಾಪಸು ತಂದವಳು ಇವಳೊಬ್ಬಳೇ. ಮಾರ್ಕು ಕಡಿಮೆಯಾಯಿತೆಂದು ನನ್ನ ಹತ್ತಿರ ಅತ್ತವರನ್ನು ಕಂಡಿದ್ದೇನೆ, ಜಗಳಕ್ಕೆ ಬಂದ ಅಪ್ಪಂದಿರನ್ನೂ ಕಂಡಿದ್ದೇನೆ. ಜಾಸ್ತಿ ಬಂದಿದೆ ಅಂತ ಬಂದವರು ನನ್ನ ಸರ್ವಿಸಿನಲ್ಲೇ ಇಲ್ಲ.

ಹುಡುಗಿಯನ್ನು ಮೆಚ್ಚಿದ ಹಾಗೆ ಅವಳ ಟೀಚರನ್ನು ಮೆಚ್ಚಲು ನಾನು ತಯಾರಿರಲಿಲ್ಲ. ಮಾರನೆಯ ಮಧ್ಯಾಹ್ನ ಹುಡುಗಿಯನ್ನು ಕರೆತರುವ ಕೆಲಸ ನಾನೇ ವಹಿಸಿಕೊಂಡು, ಸೀರೆಯ ಸೆರಗು ಬಿಗಿದು ಶಾಲೆಗೆ ಹೋದೆ. ಒಂದನೇ ಕ್ಲಾಸಿನ ಮಿಸ್ಸು ನನ್ನ ಮಗಳಿಗಿಂತ ಚಿಕ್ಕವಳು. ಮಕ್ಕಳು ಬಿಟ್ಟುಹೋದ ಪೆನ್ಸಿಲ್ಲು, ನೀರಿನ ಬಾಟಲಿ ಆಯ್ದು ಮೇಜಿನ ಮೇಲಿಡುತ್ತಿದ್ದಳು. ಯಾವ ಬಾಟಲಿ ಯಾರದು ಅಂತ ನೋಡದೆಯೇ ಗೊತ್ತು ಅವಳಿಗೆ. ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ, ನೇರವಾಗಿ ಕೇಳಿದೆ. ಓದಲು ಬಾರದ ಮಗುವಿಗೆ ಎ ಪ್ಲಸ್ ಹೇಗೆ ಕೊಟ್ಟಿರಿ?

ಅವಳು ಬೆದರಲಿಲ್ಲ. ಪುಟಾಣಿ ಕುರ್ಚಿಯೊಂದನ್ನು ನನ್ನ ಕಡೆ ತಳ್ಳಿದಳು.

"ಮೇಡಂ, ಚಿಕ್ಕ ಕ್ಲಾಸಲ್ಲಿ ಎಲ್ಲಾರ್ಗೂ ಎ ಪ್ಲಸ್ಸೇ. ಕಾರ್ಡಲ್ಲಿ ಬೇರೆ ಏನೂ ಬರಿಯಲ್ಲ. ನಾನ್ ಬಂದ ಹೊಸದ್ರಲ್ಲಿ ಒಂದ್ ಮಗುಗೆ ಬಿ ಕೊಟ್ಟೆ. ಮಾರನೇ ದಿನ ಅದರ ಕೈ ಮೇಲೆ ಬರೆ ಇತ್ತು. ಅವತ್ತಿಂದ ನಾನೇನೂ ವಾದ ಮಾಡಿಲ್ಲ. ಆ ಎ ಪ್ಲಸ್ ಮಗುಗಲ್ಲ, ಅಪ್ಪ ಅಮ್ಮಂಗೆ. ಅವರು ಖುಷಿಯಾಗಿದ್ರೆ ಮಗೂನ ನನ್ ಪಾಡಿಗೆ ಬಿಡ್ತಾರೆ, ನಾನು ಕೂರಿಸ್ಕೊಂಡು ಹೇಳ್ಕೊಡ್ಬೋದು."

"ಹಾಗಾದರೆ ಇವಳು?"

"ಇವಳ್ದು ಗೊತ್ತಿತ್ತು. ನನ್ ಟೇಬಲ್ ಪಕ್ಕಾನೇ ಕೂರಿಸ್ಕೊಂಡಿದ್ದೆ. ಆದ್ರೆ ಇವಳ ಕಿವಿ ಮೇಡಂ, ಅಂಥ ಕಿವಿ ನಾನ್ ನೋಡಿಲ್ಲ. ನಾನ್ ಅಕ್ಷರ ತೋರ್ಸೋ ಅಷ್ಟ್ರಲ್ಲಿ ಪದಾನ ನನ್ ಬಾಯಿಂದ ಕಿತ್ಕೊಂಡ್ಬಿಡ್ತಾಳೆ. ಓಪನ್ ಹೌಸ್ ದಿನ ಇವಳ ತಾತಾನೇ ನನ್ ಹತ್ರ ವಿಚಾರಿಸಕ್ಕೆ ಬಂದಿದ್ರು. ಅವರ್ಗೆ ಹೇಳ್ದೆ, ಮನೇಲಿ ದಿನಾ ಕೂರಿಸ್ಕೊಂಡು ಓದಿಸಿ, ತಪ್ಪಿದ್ರೆ ತಿದ್ದಿ ಅಂತ. ಆಯ್ತು ತಾಯಿ ಅಂದ್ರು. ಯಾಕೋ ಮುಖ ಒಂಥರಾ ಮಾಡ್ಕೊಂಡು ಎದ್ದೋದ್ರು."

ಬೈಯಲು ಹೋದವಳು ಆ ಪುಟಾಣಿ ಕುರ್ಚಿಯಲ್ಲಿ ಮಂಡಿ ನೋಯುವವರೆಗೆ ಕೂತು ಅವಳ ಮಾತು ಕೇಳಿದೆ. ತರಗತಿ ತುಂಬ ಮಕ್ಕಳು, ಕಾರ್ಡಿನಲ್ಲಿ ಎಲ್ಲರೂ ಒಂದೇ. ಆದರೆ ಯಾರಿಗೆ ಯಾವ ಅಕ್ಷರ ಎಡವುತ್ತದೆ, ಯಾರು ಹಸಿದು ಬರುತ್ತಾರೆ, ಯಾರಿಗೆ ಬೋರ್ಡು ಕಾಣುವುದಿಲ್ಲ, ಎಲ್ಲ ಅವಳ ತಲೆಯಲ್ಲಿ ಬೇರೆ ಬೇರೆಯಾಗಿತ್ತು. ಎ ಪ್ಲಸ್ ಪದ್ಧತಿ ನನಗೆ ಈಗಲೂ ಹಿಡಿಸುವುದಿಲ್ಲ. ಅವಳು ಹಿಡಿಸಿದಳು.

ಆ ದಿನದಿಂದ ಹುಡುಗಿಗೆ ಸಂಜೆಯ ಪಾಠ ಶುರುವಾಯಿತು. ಅವಳ ಅಮ್ಮನಿಗೆ ಮಾತ್ರ ಹೇಳಿದ್ದೆವು. "ಆಂಟಿ, ಅಷ್ಟೆಲ್ಲಾ ಯಾಕೆ, ಮೊದಲ್ನೇ ಪುಟ ಗಣಪತಿ ಸ್ತುತಿ, ಅದು ಅವಳಿಗೆ ಬಾಯಿಗೇ ಬರುತ್ತೆ. ಬೆರಳಿಟ್ಕೊಂಡು ಹೇಳಿದ್ರೆ ಯಾರಿಗ್ ಗೊತ್ತಾಗುತ್ತೆ? ಮಾವನ ಮಾತು ಉಳಿದ್ರೆ ಸಾಕು" ಅಂದಳು ಆಕೆ. ತಪ್ಪು ಮಾತೇನಲ್ಲ. ರಾಜಾನುಕುಂಟೆಯಿಂದ, ಕೆಂಪಾಪುರದಿಂದ ನೆಂಟರು ಬರುವವರಿದ್ದರು. ಅಷ್ಟು ಜನರ ಮುಂದೆ ಮಗು ತಡವರಿಸಿದರೆ ತಾತನ ತಲೆ ತಗ್ಗುತ್ತದೆ, ಮಗು ಇನ್ನು ಪುಸ್ತಕವನ್ನೇ ಮುಟ್ಟದೆ ಹೋಗಬಹುದು. ನನಗೂ ಅದೇ ಭಯವಿತ್ತು. ಆದರೆ ಹುಡುಗಿ ಒಪ್ಪಲಿಲ್ಲ. "ಅದು ಓದೋದಲ್ಲ ಅಮ್ಮಾ, ಅದು ಹೇಳೋದು" ಅಂದಳು.

ಪುಸ್ತಕದಿಂದ ಪಾಠ ಮಾಡುವ ಹಾಗೆಯೇ ಇರಲಿಲ್ಲ. ನಾನು ಒಂದು ಸಲ ಓದಿದರೆ ಮುಗಿಯಿತು, ಕಿವಿ ನುಂಗಿಬಿಡುತ್ತದೆ. ಅದಕ್ಕೆ ಬಾಯಿ ಮುಚ್ಚಿಕೊಂಡು ಬೀದಿಗೆ ಕರೆದುಕೊಂಡು ಹೋದೆ. ಬೋರ್ಡುಗಳನ್ನು ಯಾರೂ ಅವಳಿಗೆ ಓದಿ ಹೇಳಿರಲಿಲ್ಲವಲ್ಲ. ದಿನಸಿ ಅಂಗಡಿ, ಹೂವಿನ ಅಂಗಡಿ, ಪಂಕ್ಚರ್ ಅಂಗಡಿ, ಯಲಹಂಕದ ಕಡೆ ಹೋಗುವ ಬಸ್ಸಿನ ಹಣೆಬರಹ, ಖಾಲಿ ಸೈಟಿನ ಗೋಡೆಯ ಮೇಲಿನ "ಇಲ್ಲಿ ಕಸ ಹಾಕಬೇಡಿ", ಅದರ ಕೆಳಗಿನ ಕಸದಲ್ಲಿ ಬಿದ್ದ ಹಾಲಿನ ಪ್ಯಾಕೆಟ್ಟು. ಒಂದೊಂದು ಅಕ್ಷರಕ್ಕೂ ನಿಂತು, ನಾಲಿಗೆ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡು, ಕೂಡಿಸಿ ಕೂಡಿಸಿ ಓದಿದಳು. ಬೋರ್ಡಿನವರ ತಪ್ಪುಗಳನ್ನು ಕಂಡು ನಾನು ಹಲ್ಲು ಕಡಿಯುತ್ತಿದ್ದರೆ, ಬರೆದದ್ದನ್ನು ಬರೆದ ಹಾಗೇ ಓದುತ್ತಿದ್ದಾಳಲ್ಲ ಅಂತ ಒಳಗೊಳಗೇ ಸಂತೋಷ. ಒಂದು ದಿನ ಅವಳು "ವೆಲ್ಡಿಂಗ್ ವರ್ಕ್ಸ್" ಅನ್ನುವುದನ್ನು ದಾಟಲು ತೆಗೆದುಕೊಂಡ ಸಮಯದಲ್ಲಿ ಅಂಗಡಿಯವನು ಒಂದು ಗೇಟನ್ನೇ ಬೆಸೆದು ಮುಗಿಸಿದ. ಕೊನೆಗೆ ಅವನೂ ಕನ್ನಡಕ ಹಣೆಗೇರಿಸಿ ಅವಳು ಒತ್ತು ಬಿಡಿಸುವುದನ್ನು ನೋಡುತ್ತ ನಿಂತ. ಸುಮ್ಮನೆ ಸಿಕ್ಕ ಎ ಪ್ಲಸ್ಸನ್ನು ಆಮೇಲೆ ಅರ್ಧ ಅರ್ಧ ಮಾರ್ಕಾಗಿ ಸಂಪಾದಿಸಿಕೊಳ್ಳುವ ಮಗುವನ್ನು ನೋಡುವುದೇ ಒಂದು ಭಾಗ್ಯ.

ಶ್ರಾವಣದ ಕೊನೆಯ ಶನಿವಾರ ಬಂತು. ಕೆಳಗಿನ ನಡುಮನೆ ತುಂಬಿ, ಚಪ್ಪಲಿಗಳು ಗೇಟಿನಾಚೆಗೂ ಹರಡಿದ್ದವು. ಹುಡುಗಿಗೆ ಹಸಿರು ಲಂಗ, ಎರಡು ಜಡೆ, ಮಲ್ಲಿಗೆ. ಮಾಲೀಕರು ಅವಳನ್ನು ವ್ಯಾಸಪೀಠದ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. "ಓದವ್ವ" ಅಂದರು.

ಅವಳು ಮೊದಲ ಪುಟದ ಗಣಪತಿಗೆ ಕೈ ಮುಗಿದು, ಪುಟ ತಿರುವಿದಳು. ಎರಡನೇ ಪುಟದಲ್ಲಿ ಗದ್ಯ. ಪದ್ಯಗಳನ್ನು ಎಲ್ಲರೂ ಗುನುಗುತ್ತಾರೆ, ಈ ಗದ್ಯವನ್ನು ಮಾಲೀಕರು ಯಾವತ್ತೂ ಬಿಟ್ಟು ಮುಂದೆ ಹೋಗುತ್ತಿದ್ದರು. ಅವಳ ಕಿವಿಗೆ ಬೀಳದೆ ಉಳಿದ ಜಾಗ ಆ ಪುಸ್ತಕದಲ್ಲಿ ಅದೊಂದೇ. ಅದನ್ನು ಅವಳೇ ಹುಡುಕಿಕೊಂಡಿದ್ದಳು. ನನಗೂ ಹೇಳಿರಲಿಲ್ಲ.

ಓದತೊಡಗಿದಳು. ಒಂದು ಅಕ್ಷರ, ನಿಲ್ಲುವುದು, ಇನ್ನೊಂದು ಅಕ್ಷರ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ಎರಡನೇ ಸಾಲಿಗೆ ಕೆಂಪಾಪುರದ ನೆಂಟರೊಬ್ಬರು "ಎ ಪ್ಲಸ್ ಅಂದ್ರಲ್ಲ" ಅಂತ ಪಕ್ಕದವರ ಕಿವಿಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದರು. ಒಂದು ದೊಡ್ಡ ಒತ್ತಕ್ಷರದ ಮುಂದೆ ಅವಳು ನಿಂತೇಬಿಟ್ಟಳು. ಅತ್ತೆಯೊಬ್ಬಳು ಪಾಪ ಅನ್ನಿಸಿ, "ಓಗ್ಲಿ ಬಿಡವ್ವ, ಗಣಪತಿ ಪದ ಏಳು, ಸಾಕು" ಅಂದಳು.

"ಸುಮ್ನಿರಿ ಅತ್ತೆ, ಓದ್ತಾ ಇದೀನಿ" ಅಂದಳು ಹುಡುಗಿ, ಪುಸ್ತಕದಿಂದ ತಲೆ ಎತ್ತದೆ.

ಒತ್ತು ಬಿಡಿಸಿದಳು, ಕೂಡಿಸಿದಳು, ದಾಟಿದಳು. ಸಾಲು ಮುಗಿದಾಗ ನಡುಮನೆಯಲ್ಲಿ ಕೆಮ್ಮೂ ಇರಲಿಲ್ಲ. ಎಲ್ಲರೂ ಮುಂದಿನ ಅಕ್ಷರಕ್ಕೆ ಕಾಯುತ್ತಿದ್ದರು. ನಾಲ್ಕು ಸಾಲು ಓದಿ, ಕೈ ಮುಗಿದು, ತಾತನ ಕಡೆ ಸರಿದು ಕೂತಳು. ಮಾಲೀಕರ ಮುಖ ನೋಡಿದೆ. ಸಿಟ್ಟಿರಲಿಲ್ಲ, ಅವಮಾನವೂ ಇರಲಿಲ್ಲ. ಅವರು ಮೊಮ್ಮಗಳನ್ನು, ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಅಮ್ಮನನ್ನು ಕಂಡ ಹಾಗೆ ನೋಡುತ್ತಿದ್ದರು. ಅದೇಕೆ ಅಂತ ಆಗ ನನಗೆ ತಿಳಿಯಲಿಲ್ಲ.

ಗಂಟಲು ಸರಿಮಾಡಿಕೊಂಡು ಅವರು ಪದ್ಯ ಎತ್ತಿದರು. ಅದೇ ದನಿ, ಅದೇ ತಪ್ಪಿಲ್ಲದ ಓದು. ಬೆರಳು ಪುಟದ ಮೇಲೆ ಆಡುತ್ತಿತ್ತು. ಹುಡುಗಿ ತಾತನ ಬೆರಳನ್ನೇ ನೋಡುತ್ತಿದ್ದಳು. ನೋಡಿದಳು, ತಾತನ ಬಾಯಿ ನೋಡಿದಳು, ಮತ್ತೆ ಬೆರಳು. ಆಮೇಲೆ ಕತ್ತೆತ್ತಿ ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ಆ ನೋಟ ಹಿಡಿದು, ಮುಂದಿನ ಸಾಲಿನಲ್ಲೇ ಕೂತಿದ್ದ ನಾನೂ ಕತ್ತು ಚಾಚಿ ಅವರ ಬೆರಳು ನೋಡಿದೆ.

ಬೆರಳು ಮೊಮ್ಮಗಳು ಓದಿ ಬಿಟ್ಟ ಗದ್ಯದ ಮೇಲೇ ಇತ್ತು. ಅವರು ಹಾಡುತ್ತಿದ್ದ ಪದ್ಯ ಎದುರು ಪುಟದಲ್ಲಿತ್ತು.

ಒಳಗೇ ಇರುವ ಕನ್ನಡಕ, ಓಪನ್ ಹೌಸಿನಲ್ಲಿ ಎದ್ದುಹೋದದ್ದು, ಯಾವತ್ತೂ ಬಿಟ್ಟುಹೋಗುವ ಗದ್ಯ, ಎಲ್ಲ ಒಟ್ಟಿಗೆ ನೆನಪಾಯಿತು. ಈ ಮನುಷ್ಯನಿಗೆ ಅಕ್ಷರ ಬರುವುದಿಲ್ಲ. ತಂದೆಯ ಬಾಯಿಂದ ಕೇಳಿದ ಪುರಾಣವನ್ನು ಇಡಿಯಾಗಿ ಕಿವಿಯಲ್ಲಿ ಇಟ್ಟುಕೊಂಡು, ಇಷ್ಟು ವರ್ಷ ಒಂದು ಅಕ್ಷರ ತಪ್ಪದೆ ಒಪ್ಪಿಸಿದ್ದಾರೆ. ಆ ಟೀಚರು ಬೆರಗಾದ ಕಿವಿ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಇವರು ಬಾಯಿ ಬಿಟ್ಟೇ ಇಷ್ಟು ಕಾಲ ಬಣ್ಣ ಉಳಿಸಿಕೊಂಡಿದ್ದರು. ನನಗೆ ನಗು ಬರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು.

ಹುಡುಗಿ ಏನು ಮಾಡುತ್ತಾಳೋ ಅಂತ ಹೆದರಿದೆ. ಏಳು ವರ್ಷದ ಬಾಯಿ, ಕಂಡದ್ದನ್ನು ಹೇಳಿಬಿಡುವ ಬಾಯಿ. ಆದರೆ ಅವಳು ತಾತನ ತೋರುಬೆರಳನ್ನು ತನ್ನ ಪುಟ್ಟ ಕೈಯಿಂದ ಹಿಡಿದು, ಎದುರು ಪುಟಕ್ಕೆ ತಂದು, ಸರಿಯಾದ ಸಾಲಿನ ಕೆಳಗೆ ಇಟ್ಟಳು. ಅವರ ದನಿ ಒಂದು ಉಸಿರಿನಷ್ಟು ನಿಂತಿತು. ಅವರ ಓದಿನಲ್ಲಿ ನಾನು ಕಂಡ ಮೊದಲ ತಪ್ಪು ಅದು. ಆಮೇಲೆ ಪದ್ಯ ಮುಂದುವರಿಯಿತು. ಅವರು ಹಾಡುತ್ತ ಹೋದರು, ಅವಳು ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸುತ್ತ ಹೋದಳು. ಮೊಮ್ಮಗಳು ತಾತನ ಕೈ ಹಿಡಿದು ಕೂತಿದ್ದಾಳೆ, ಎಷ್ಟು ಮುದ್ದು ಅಂತ ನೆಂಟರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಅದಾದ ಮೇಲೆ ಸೋಮವಾರ ಸಂಜೆ ಪಾಠದ ಹೊತ್ತಿಗೆ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ಒಂದು ಹಗುರ, ಒಂದು ಭಾರ. ಬಾಗಿಲು ತೆಗೆದರೆ ಹುಡುಗಿ, ಅವಳ ಹಿಂದೆ ಮಾಲೀಕರು. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕೈ ಎಂದಿನ ಹಾಗೆ ಬೆನ್ನ ಹಿಂದೆ.

"ಟೀಚರಮ್ಮ, ಈ ಮಗ ದಿನಾ ಎಲ್ಗೋ ಓಯ್ತದೆ ಅಂತಿದ್ದೆ" ಅಂದರು. ನೆಲ ನೋಡಿದರು. "ಅವತ್ತು ಅಷ್ಟ್ ಜನದ ಮುಂದೆ ಬರಾಕಿಲ್ಲ ಅಂತ ಎದರ್ಲಿಲ್ಲ ನೋಡಿ ಇದು. ನಂಗೆ ಎಪ್ಪತ್ ವರ್ಸದಿಂದ ಆ ದೈರ್ಯ ಬಂದಿಲ್ಲ. ಒಬ್ರಿಗ್ ಏಳ್ಕೊಡೋ ಜಾಗದಾಗೆ ಇಬ್ರು ಕೂತ್ರೆ ಆಯ್ತದಾ?"

ಬೆನ್ನ ಹಿಂದಿನ ಕೈ ಮುಂದೆ ಬಂತು. ಅದರಲ್ಲಿ ಹೊಸ ಸ್ಲೇಟು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದೆ. ಅವರು ಒಳಗೆ ಬಂದು ಚಾಪೆಯ ಒಂದು ತುದಿಯಲ್ಲಿ ಕೂತರು. ಹುಡುಗಿ ಅವರ ಚಪ್ಪಲಿಯನ್ನೂ ತನ್ನದರ ಪಕ್ಕ ಜೋಡಿಸಿಟ್ಟು, ನನ್ನ ಹತ್ತಿರ ಬಂದು, ಸೆರಗು ಎಳೆದು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು:

"ತಾತಂಗೆ ಮೊದ್ಲೇ ಎ ಪ್ಲಸ್ ಕೊಟ್ಬಿಡ್ಬೇಡಿ ಅಜ್ಜಿ. ಆಮೇಲೆ ಕಲಿಯಲ್ಲ."